ಕುಂಟುತ್ತಿದ್ದ ಗಡಿಯಾರ

ಇದನ್ನು ಕೇಳಿ ಯಾರಾದರೂ ನಕ್ಕರೆ ಹಲ್ಲು ಉದುರಿಸುತ್ತೇನೆ. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು. ಕಥೆ ಕಟ್ಟಲು ಬರುವುದಿಲ್ಲ.

ಆ ಗಡಿಯಾರದ ಕಿಟ್ ಅಕ್ಕ ತರಿಸಿದ್ದು. ಮರದ ಹಲ್ಲುಚಕ್ರಗಳನ್ನು ನಾವೇ ಜೋಡಿಸಬೇಕು. ಡಬ್ಬ ಬಿಚ್ಚುವ ಮೊದಲೇ ಅವಳು ಜ್ವರದಲ್ಲಿ ತೀರಿಹೋದಳು. ವರ್ಷ ಕಳೆದ ಮೇಲೆ ನಾನೇ ಕೂತೆ. ಒಂದು ಚಕ್ರವನ್ನು ತಿರುಗಮುರುಗ ಕೂರಿಸಿ, ನನ್ನನ್ನೇ ಬೈದುಕೊಂಡು ಬಿಚ್ಚಿ, ಮೂರು ಭಾನುವಾರ ಹೆಣಗಿದೆ. ಕೊನೆಗೆ ಲೋಲಕ ಆಡಿತು. ಟಿಕ್, ಆಮೇಲೆ ತಡವಾಗಿ ಟಕ್. ಕುಂಟುತ್ತಿತ್ತು.

ಅಕ್ಕನ ನಡಿಗೆಯೂ ಹಾಗೇ, ಎಡಗಾಲು ಎಳೆಯುತ್ತಿದ್ದಳು. "ಬೇಗ ಬಾರೇ ಕುಂಟಿ" ಎಂದು ನಡುರಸ್ತೆಯಲ್ಲಿ ಕೂಗಿದ ಬಾಯಿ ನನ್ನದು. ಒಂದು ವಾರ ಆ ಸದ್ದಿನ ಎದುರು ಕೂತೇ ಇದ್ದೆ.

"ಅದನ್ನ ನಿಲ್ಸೋ, ನನ್ ಕೈಲಿ ಕೇಳಕ್ಕಾಗಲ್ಲ," ಎಂದಳು ಅಮ್ಮ.

ವಾಚ್ ರಿಪೇರಿಯವರ ಹತ್ತಿರ ಹೋಗಿ ಹೇಳಿದೆ. ಅವರು ನಕ್ಕರು. "ಹೊಸಬರೆಲ್ಲ ಮಾಡೋ ತಪ್ಪೇ ಕಣಪ್ಪ. ಗಡಿಯಾರ ಸಮ ನಿಂತಿಲ್ಲ ಅಷ್ಟೇ. ಒಂದು ಕಾಲಿನ ಕೆಳಗೆ ಕಾಗದ ಮಡಚಿಡು."

ಮರುದಿನ ಮಧ್ಯಾಹ್ನ ಮನಸ್ಸಿಲ್ಲದ ಮನಸ್ಸಿನಿಂದ ಇಟ್ಟೆ. ಟಿಕ್ ಟಕ್ ಸಮವಾಯಿತು. ಆದರೆ ಕುಂಟು ಸದ್ದು ನಿಲ್ಲಲಿಲ್ಲ. ಲೋಲಕವನ್ನು ಕೈಯಲ್ಲೇ ಹಿಡಿದೆ. ಆಗಲೂ ಆ ಸದ್ದು ನನ್ನ ಬೆನ್ನ ಹಿಂದಿನಿಂದ ಅಡುಗೆಮನೆಯ ಕಡೆಗೆ ಹೋಯಿತು.

ಅಲ್ಲಿ ನೆಲ ಒರೆಸುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದಳು, "ನಿಧಾನ ಕಣೇ, ಒದ್ದೆ ಇದೆ, ಜಾರ್ತೀಯ."

ನಾನು ಬಾಗಿಲಿಗೆ ಓಡಿದೆ. ಒದ್ದೆ ನೆಲದ ಮೇಲೆ ಎಡಗಾಲು ಎಳೆದ ಗೀಟು ಒಲೆಯವರೆಗೂ ಇತ್ತು. ಅಮ್ಮನ ಕೈಯಲ್ಲಿ ಬಟ್ಟೆ ಹಾಗೇ ಇತ್ತು. ಆ ಗೀಟು ತಾನಾಗಿ ಆರುವವರೆಗೂ ನಾವಿಬ್ಬರೂ ಅದನ್ನು ತುಳಿಯಲಿಲ್ಲ, ಒರೆಸಲೂ ಇಲ್ಲ.