ಕಪ್ತಾನನ ಬೆಳ್ಳಿ ಬಳೆ

"ಆ ಮುದುಕ ಏನು ಕೊಟ್ಟರೂ ಕೈಯೊಡ್ಡಬೇಡ ಮಾರಾಯ್ತಿ. ನೀನು ಮಗು ಇರುವವಳು," ಎಂದು ಮೊಲ್ಲಿ ಬಾಗಿಲಲ್ಲೇ ಪಿಸುಗುಟ್ಟಿದಳು. ಎರಡು ವರ್ಷ ಅವನ ಆರೈಕೆ ಮಾಡಿ ಅಂದೇ ಕೆಲಸ ಬಿಡುತ್ತಿದ್ದ ನರ್ಸ್ ಅವಳು. ಅವಳ ಜಾಗಕ್ಕೆ ಬಂದ ಫ್ರೀಡಾ ನಕ್ಕುಬಿಟ್ಟಳು. ಹತ್ತು ವರ್ಷ ಆಸ್ಪತ್ರೆಯಲ್ಲಿ ಸತ್ತವರ ಕಣ್ಣು ಮುಚ್ಚಿದವಳಿಗೆ ಮಾಟ, ಶಾಪ ಎಂದರೆ ತಮಾಷೆ.

೧೯೯೪ರ ಬೇಸಿಗೆ. ಕೊಲ್ಲಿ ನಾಡಿನ ಹವಲ್ಲಿ ಪಟ್ಟಣದಲ್ಲಿ ಮೂರನೆಯ ಮಹಡಿಯ ಆ ಮನೆಯಲ್ಲಿ ಹಗಲಲ್ಲೂ ಕತ್ತಲೆ. ಗೋಡೆಗಳಿಂದ ಕೊಳೆತ ಪಾಚಿಯ, ಡೀಸೆಲಿನ ವಾಸನೆ. ಮುದುಕ ಕೊನ್ರಾಡ್‌ಗೆ ಎಂಬತ್ತೈದು, ಯುದ್ಧಕಾಲದಲ್ಲಿ ಜರ್ಮನ್ ಸಬ್‌ಮರೀನಿನ ಕಪ್ತಾನನಾಗಿದ್ದವನು. ಇಲ್ಲಿ ಟೀಚರಾಗಿದ್ದ ಮಗಳು ಹೆಲೆನ್ ಅವನನ್ನು ಜೊತೆಗಿಟ್ಟುಕೊಂಡಿದ್ದಳು. ಅವನು ಎಲ್ಲರ ಮಾತಿಗೂ ಉತ್ತರಿಸುತ್ತಿದ್ದ, ಮಗಳ ಮಾತಿಗೆ ಮಾತ್ರ ಇಲ್ಲ. ಅವಳು ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದಳು.

ಒಂದು ಮಧ್ಯಾಹ್ನ ಅವನು ತಾನಾಗಿಯೇ ಹೇಳತೊಡಗಿದ. ಅರಬ್ಬಿ ಕಡಲಲ್ಲಿ ಎರಡು ಪ್ರಯಾಣಿಕರ ಹಡಗುಗಳನ್ನು ಮುಳುಗಿಸಿದ್ದ. ಎರಡನೆಯದು ಮುಳುಗಿದ ಮೇಲೆ ನೀರಿನ ಮೇಲಕ್ಕೆ ಬಂದು ನೋಡಿದರೆ, ಹಲಗೆಗೆ ಆತುಕೊಂಡ ತಾಯಿಯೊಬ್ಬಳು ಮಗುವನ್ನು ಎತ್ತಿ ಹಿಡಿದಿದ್ದಳು. ಮಗು ಅಳುತ್ತಿತ್ತು. ಅವನು ಹತ್ತಿಸಿಕೊಳ್ಳಲಿಲ್ಲ. ಅಳು ನಿಂತಿತು. ಅವಳು ಮಗುವಿನ ಕೈಯ ಬೆಳ್ಳಿ ಬಳೆ ಕಳಚಿ, ಅದಕ್ಕೇನೋ ಮಣಮಣಿಸಿ, ಅವನತ್ತ ಎಸೆದಳು. ಭಾಷೆ ತಿಳಿಯದಿದ್ದರೂ ಅರ್ಥ ತಿಳಿಯಿತು: ನಿನ್ನ ಮಗುವಿನ ದನಿ ನಿನಗೆಂದೂ ಕೇಳದಿರಲಿ. ಊರಿಗೆ ಹೋದಾಗ ತೊಟ್ಟಿಲಲ್ಲಿ ಹೆಲೆನ್ ಬಾಯಿ ತೆರೆದು ಅಳುತ್ತಿದ್ದಳು. ಅವನಿಗೆ ಕೇಳಿದ್ದು ಅಲೆಗಳ ಸದ್ದು. ಬಳೆಯನ್ನು ಎಸೆದರೂ ಅದು ದಿಂಬಿನಡಿಗೆ ಮರಳುತ್ತಿತ್ತು. ಯಾರಾದರೂ ಮನಸಾರೆ ತೆಗೆದುಕೊಂಡರಷ್ಟೇ ಬಿಡುಗಡೆ.

"ಕೊಡಿ ಇಲ್ಲಿ. ಏನಾಗ್ತದೆ ನೋಡುವಾ," ಎಂದಳು ಫ್ರೀಡಾ, ನಗುತ್ತ, ಕನಿಕರದಿಂದಲೂ.

ಅವನು ಕೈ ಹಿಂದೆಳೆದುಕೊಂಡ. ಬೇಡವೆಂದು ತಲೆಯಾಡಿಸಿದ. ಆಮೇಲೆ ಮುಷ್ಟಿ ಬಿಚ್ಚಿದ.

ಫ್ರೀಡಾಳ ಅಂಗೈಗೆ ಬಂದ ಬಳೆ ಹಿಮದಂತೆ ತಣ್ಣಗಿತ್ತು. ಅಡುಗೆಮನೆಯಿಂದ ಹೆಲೆನ್, ತನ್ನಷ್ಟಕ್ಕೇ ಎಂಬಂತೆ, "ಪಪ್ಪಾ" ಎಂದಳು. ಮುದುಕ ಎದ್ದು ಕೂತ. ಇನ್ನೊಮ್ಮೆ ಕರೆ ಎಂದ. ಐವತ್ತು ದಾಟಿದ ಮಗಳು ಅವನ ಎದೆಗೊರಗಿ ಸಂಜೆಯವರೆಗೂ ಕರೆಯುತ್ತಲೇ ಇದ್ದಳು. ಮೂರನೆಯ ದಿನ ಅವನು ತೀರಿಕೊಂಡ.

ಶುಕ್ರವಾರ ಫ್ರೀಡಾ ಊರಿಗೆ ಫೋನ್ ಮಾಡಿದಳು. ಅತ್ತೆ ಎಲಿಜಬೆತ್ ದನಿ ಸ್ಪಷ್ಟವಾಗಿತ್ತು. "ಇಗೋ, ವೆನಿಸ್ಸಾ ಮಾತಾಡ್ತಾಳೆ."

ಒಂದು ಉಸಿರು. ಮತ್ತೆ ಮೊರೆತ. ನೀರು. ಬರೀ ನೀರು. ಕಿವಿಯೊಳಗೆ ಉಪ್ಪು. ಫ್ರೀಡಾ ಮಗಳ ಹೆಸರು ಕೂಗಿದಳು. ಅಲೆ ಅಪ್ಪಳಿಸಿತು. ಮತ್ತೆ ಕೂಗಿದಳು. ಅಲೆ.

ಯಾರಿಗಾದರೂ ದಾಟಿಸು, ಇಲ್ಲಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ತಾಯಂದಿರೇ ತುಂಬ ಇದ್ದಾರೆ ಎಂದು ಮೊಲ್ಲಿ ಅಳುತ್ತ ಹೇಳಿದಳು. ಹೊಸದಾಗಿ ಬಂದ ನರ್ಸೊಬ್ಬಳು ಚಂದದ ಬಳೆ ಎಂದು ಕೈ ಚಾಚಿಯೂ ಚಾಚಿದಳು. ಫ್ರೀಡಾ ಮುಷ್ಟಿ ಬಿಗಿದಳು. ಬಿಚ್ಚಲಿಲ್ಲ.

ಎರಡು ತಿಂಗಳಾದ ಮೇಲೆ ಅವಳು ಊರಿಗೆ ಮರಳಿದಳು. ವಿಮಾನ ನಿಲ್ದಾಣದಲ್ಲಿ ಐದು ವರ್ಷದ ವೆನಿಸ್ಸಾ ಓಡಿಬಂದಳು. ಪುಟ್ಟ ತುಟಿಗಳು 'ಮಮ್ಮಿ' ಎಂದವು. ಫ್ರೀಡಾ ಮೊಣಕಾಲೂರಿದಳು. ಮಗಳ ಗಂಟಲ ಮೇಲೆ ಅಂಗೈಯಿಟ್ಟು, ಅಲ್ಲಿ ಅದುರುತ್ತಿದ್ದುದನ್ನು ಕಣ್ಣು ಮುಚ್ಚಿ ಮುಟ್ಟುತ್ತ ಕೂತಳು.