ಮೂವತ್ತು ಹೆಜ್ಜೆ ಆಚೆ

“ಮುನ್ನೂರಾ ಹದಿನೆಂಟು, ಮುನ್ನೂರಾ ಹತ್ತೊಂಬತ್ತು, ಮುನ್ನೂರಾ ಇಪ್ಪತ್ತು!”

ಕಾಳವ್ವ ನಿಂತಳು. ಅಲ್ಲಿ ಬಾವುಟ ಇರಲಿಲ್ಲ. ಒಂದು ಜಾಲಿಗಿಡ, ನಾಲ್ಕಾರು ಕಲ್ಲು, ಒಣಗಿದ ಹುಲ್ಲು, ಅಷ್ಟೆ.

“ಎಲ್ಲೈತಿ?” ಹಿಂದಿನಿಂದ ಓಡಿಬಂದ ನಜಮಾ ಕೇಳಿದಳು.

“ನನ್ನ ಕೇಳಾಕತ್ತಿಯಲ್ಲ! ನೀ ತೋರ್ಸಿದ ಕಡೆ ಬಂದೇನಿ ನಾ.”

ಇಬ್ಬರೂ ಹುಡುಕಿದರು. ಕೆಂಪು ಬಾವುಟ ಎಡಕ್ಕೆ ಮೂವತ್ತು ಹೆಜ್ಜೆ ಆಚೆ, ಒಂದು ಬಂಡೆಯ ಹಿಂದೆ ಸಿಕ್ಕಿತು. ದೂರದಲ್ಲಿ ಕೈಗಡಿಯಾರ ನೋಡುತ್ತ ನಿಂತಿದ್ದ ಕಾಶೀಬಾಯಿ ಟೀಚರ್ ತಲೆ ಅಲ್ಲಾಡಿಸಿದರು.

ಅದು ೧೯೭೪ರ ಜನವರಿ. ಸೋಮವಾರ ಸಂಜೆ. ಇಬ್ಬರೂ ವಿಜಾಪುರದ ಒಂದು ಹುಡುಗಿಯರ ಶಾಲೆಯಲ್ಲಿ ಏಳನೇ ಇಯತ್ತೆ ಓದುತ್ತಿದ್ದರು. ಬರುವ ಭಾನುವಾರ ತಿಕೋಟಾದಲ್ಲಿ ಆರು ಶಾಲೆಗಳ ನಕಾಶೆ ಓಟ ಇತ್ತು. ಅದಕ್ಕಾಗಿ ದಿನಾ ಸಂಜೆ ತೊರವಿಯ ಮಡ್ಡಿಯಲ್ಲಿ, ಊರಾಚೆಯ ಕಲ್ಲುಬಯಲಲ್ಲಿ, ಅಭ್ಯಾಸ.

ಈ ಓಟದಲ್ಲಿ ಒಂದು ಶಾಲೆಗೆ ಇಬ್ಬರು. ಒಬ್ಬಳ ಕೈಯಲ್ಲಿ ನಕಾಶೆ ಮತ್ತು ದಿಕ್ಸೂಚಿ. ಅವಳು ನಿಂತು, ಮುಳ್ಳು ನೋಡಿ, ದಿಕ್ಕು ತೋರಿಸಬೇಕು. ಇನ್ನೊಬ್ಬಳು ಆ ದಿಕ್ಕಿಗೆ ಹೆಜ್ಜೆ ಎಣಿಸುತ್ತ ನೇರ ನಡೆಯಬೇಕು. ಹೀಗೆ ಬಚ್ಚಿಟ್ಟ ಆರು ಬಾವುಟ ಹುಡುಕಬೇಕು. ಒಂದೊಂದು ಬಾವುಟದ ಮೇಲೆ ಒಂದು ಅಕ್ಷರ. ಆರೂ ಅಕ್ಷರ ಚೀಟಿಯಲ್ಲಿ ಬರೆದುಕೊಂಡು ಮೊದಲು ಬಂದವರು ಗೆದ್ದಂತೆ.

ಕಾಶೀಬಾಯಿ ಟೀಚರ್ ಇದನ್ನು ಪುಣೆಯ ಶಿಬಿರದಲ್ಲಿ ಕಲಿತು ಬಂದಿದ್ದರು. ಶಾಲೆಗೆ ಇದ್ದದ್ದು ಒಂದೇ ದಿಕ್ಸೂಚಿ. ಹಿತ್ತಾಳೆಯದು. ಹುಡುಗಿಯರು ಅದನ್ನು ಡಬ್ಬಿ ಎನ್ನುತ್ತಿದ್ದರು.

“ಗುಮ್ಮಟದ ಕಡೆ ಏನ ನೋಡ್ತೀರಿ?” ಟೀಚರ್ ಕೂಗಿದರು. “ತಿಕೋಟಾದಾಗ ನಿಮಗ ದಾರಿ ತೋರ್ಸಾಕ ಗೋಳಗುಮ್ಮಟ ಬರಂಗಿಲ್ಲ. ಡಬ್ಬಿ ನೋಡ್ರಿ, ಡಬ್ಬಿ!”

ಹೋದ ವಾರ ಆರಕ್ಕೆ ಆರೂ ಬಾವುಟ ನೇರ ಸಿಕ್ಕಿದ್ದವು. ಟೀಚರ್ ಖುಷಿಯಾಗಿ ಇಬ್ಬರಿಗೂ ಒಂದೊಂದು ಪೇರಲಹಣ್ಣು ಕೊಟ್ಟಿದ್ದರು. ಈಗ ಏನಾಯಿತು?

ನಜಮಾ ಕಾಳವ್ವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕಾಲಿನ ಹತ್ತಿರ ನೋಟ ನಿಂತಿತು. ಕಾಳವ್ವ ಹಾಸ್ಟೆಲಿನ ಹುಡುಗಿ. ನಿನ್ನೆ ತನ್ನೂರು ನಿಡೋಣಿಗೆ ಹೋಗಿ ಬಂದಿದ್ದಳು. ಕಾಲಲ್ಲಿ ಹೊಸ ಚಪ್ಪಲಿ ಇದ್ದವು.

“ಗೊತ್ತಾತು ಬಿಡು. ಹೊಸಾ ಚಪ್ಪಲ್ ಹಾಕ್ಕೊಂಡು ಡೊಂಕ ನಡ್ಯಾಕತ್ತಿ.”

“ಏನಂದಿ? ನಾ ಡೊಂಕ ನಡೀತೇನಿ?” ಕಾಳವ್ವನ ಮೂಗು ಕೆಂಪಾಯಿತು. “ಲೇ, ನಾ ಕೂರಿಗಿ ಹಿಂದ ನಡದಾಕಿ.”

ಅದು ಸುಳ್ಳಲ್ಲ. ಬಿತ್ತುವಾಗ ಅವಳ ಅಪ್ಪ ಅಮಸಿದ್ದ ಎತ್ತು ಹೊಡೆದರೆ, ಕೂರಿಗೆಯ ಹಿಂದೆ ನಡೆದು ಕಾಳು ಬಿಡುವವಳು ಕಾಳವ್ವ. ಸಾಲು ಡೊಂಕಾದರೆ ಮುಚ್ಚಿಡಲು ಬರುವುದಿಲ್ಲ. ಬೆಳೆ ಎದ್ದಮೇಲೆ ಕೊಯ್ಯುವವರೆಗೂ ಊರೆಲ್ಲ ನೋಡಿ ನಗುತ್ತದೆ. ಕಾಳವ್ವನ ಸಾಲು ನೋಡಿ ಈವರೆಗೆ ಯಾರೂ ನಕ್ಕಿರಲಿಲ್ಲ.

ಮಂಗಳವಾರ ಕಾಳವ್ವ ಚಪ್ಪಲಿ ತೆಗೆದು ಕಲ್ಲಿನ ಮೇಲೆ ಇಟ್ಟಳು. ಬರಿಗಾಲಲ್ಲಿ ನಡೆದಳು. ಎರಡು ಮುಳ್ಳು ನೆಟ್ಟವು. ಬಾವುಟ ಈ ಸಲ ಬಲಕ್ಕೆ ಇತ್ತು. ಇಪ್ಪತ್ತೈದು ಹೆಜ್ಜೆ ಆಚೆ.

ಬುಧವಾರ ಟೀಚರ್ ಹೆಸರುಗಳ ಪಟ್ಟಿ ಕಳಿಸಬೇಕಿತ್ತು. ಅವರು ಇಬ್ಬರನ್ನೂ ಕರೆದು ಕೇಳಿದರು. “ನಜಮಾ, ನಿನಗ ಏನ ಅನಸ್ತೈತಿ? ಡಬ್ಬಿ ಕೆಟ್ಟೈತೋ, ನಡಿಗಿ ಕೆಟ್ಟೈತೋ?”

“ಡಬ್ಬಿ ಚಲೋ ಐತ್ರಿ, ಟೀಚರ್ರೀ,” ಎಂದಳು ನಜಮಾ. “ಆಕೀನ ಡೊಂಕ ನಡ್ಯಾಕತ್ತಾಳ.”

ಟೀಚರ್ ಪಟ್ಟಿಯಲ್ಲಿ ಕಾಳವ್ವನ ಹೆಸರಿನ ಮೇಲೆ ಗೆರೆ ಎಳೆದು, ಆನಂದಿ ಎಂದು ಬರೆದರು. ಅವಳ ಹೆಸರನ್ನು ಕೆಳಗೆ, ಹೆಚ್ಚಿನವಳು ಎಂದು ಸೇರಿಸಿದರು. ಹೆಚ್ಚಿನವಳ ಕೆಲಸ ಎಂದರೆ ಬಾವುಟ ಹೊರುವುದು, ನೀರು ತರುವುದು.

ಗುರುವಾರ ಆನಂದಿ ನಡೆದಳು. ಆನಂದಿ ಪೋಸ್ಟ್ ಮಾಸ್ತರರ ಮಗಳು. ಎಣಿಸುವಾಗಲೂ ನಡುನಡುವೆ ಮಾತಾಡುವ ಹುಡುಗಿ. ಆದರೂ ಎಣಿಕೆ ತಪ್ಪಲಿಲ್ಲ. ಬಾವುಟ ಮಾತ್ರ ಅಲ್ಲಿರಲಿಲ್ಲ.

“ನನ್ನ ಚಪ್ಪಲ್ ನೋಡವಾ,” ಎಂದು ಆನಂದಿ ಕಾಲು ಎತ್ತಿ ತೋರಿಸಿದಳು. “ಹಳೇವು ಅದಾವ. ನಾ ಏನ ನಿಡೋಣಿಗೆ ಹೋಗಿ ಬಂದೇನೇನು?”

“ನೀವಿಬ್ರೂ ಹೊಸಾ ಜೋಡಿ. ಹೊಂದಿಕೊಳ್ಳಾಕ ಒಂದಿನ ಬೇಕು,” ಎಂದರು ಟೀಚರ್. “ನಜಮಾ, ಡಬ್ಬಿ ಮನಿಗೆ ಒಯ್ದು ಪ್ರಾಕ್ಟೀಸ್ ಮಾಡು. ಕೆಡವಿದ್ರ ನಿನ್ನ ಚರ್ಮಾ ಸುಲೀತೇನಿ.”

ಆ ರಾತ್ರಿ ಊಟ ಮಾಡುವಾಗ ನಜಮಾ ಯೋಚಿಸಿದಳು. ಆನಂದಿಯೂ ಡೊಂಕು ನಡೆಯುತ್ತಾಳೆಯೆ? ಇಬ್ಬರೂ?

ಶುಕ್ರವಾರ ಮಡ್ಡಿಯ ಅಭ್ಯಾಸ ಇರಲಿಲ್ಲ. ಸಂಜೆ ಅವಳು ಡಬ್ಬಿ ಹಿಡಿದು ಅಪ್ಪನ ಛಪ್ಪರಕ್ಕೆ ಹೋದಳು. ಅವಳ ಅಪ್ಪ ಗೈಬುಸಾಬ ಟಾಂಗಾ ಕುದುರೆಗಳಿಗೆ ಲಾಳ ಹೊಡೆಯುವವನು. ಒಂದು ಬಿಳಿ ಕುದುರೆಯ ಕಾಲನ್ನು ತೊಡೆಯ ನಡುವೆ ಹಿಡಿದು ಗೊರಸು ಕೆತ್ತುತ್ತಿದ್ದ.

“ಕುಂದ್ರು ಬೇಟಿ. ಕುದುರಿ ಹಿಂದ ಮಾತ್ರ ನಿಂದರಬ್ಯಾಡ.”

ನಜಮಾ ಡಬ್ಬಿಯನ್ನು ಒಂದು ಕಲ್ಲಿನ ಮೇಲೆ ಇಟ್ಟು ಕುಳಿತಳು. ಅಷ್ಟರಲ್ಲಿ ಕುದುರೆ ಕಾಲು ಜಾಡಿಸಿತು. ಮೊಳೆಯ ತಟ್ಟೆ ಉರುಳಿತು. ಮೊಳೆಗಳೆಲ್ಲ ಹುಲ್ಲಿನಲ್ಲಿ ಚೆಲ್ಲಿಹೋದವು.

ಗೈಬುಸಾಬ ಬೈಯಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ಒಂದು ದಾರ ತೆಗೆದ. ಅದರ ತುದಿಗೆ ಕರಿಯ ಅಯಸ್ಕಾಂತ ಇತ್ತು. ಕೆಟ್ಟುಹೋದ ರೇಡಿಯೋದಿಂದ ತೆಗೆದದ್ದು. ಅದನ್ನು ಹುಲ್ಲಿನ ಮೇಲೆ ಎಳೆಯುತ್ತ ಹೋದಂತೆ ಮೊಳೆಗಳು ಟಿಕ್ ಟಿಕ್ ಎಂದು ಬಂದು ಅಂಟಿಕೊಂಡವು.

“ಒಂದ ಮೊಳಿ ಉಳೀತಂದ್ರೂ ನಾಳೆ ಕುದುರಿ ಕುಂಟತೈತಿ,” ಎಂದ.

ದಾರ ಕಲ್ಲಿನ ಹತ್ತಿರ ಬಂದಾಗ ಡಬ್ಬಿಯ ಮುಳ್ಳು ಗರ್ರನೆ ತಿರುಗಿತು.

“ಅಬ್ಬಾ! ಇದಕ್ಕೇನಾತು?”

ಗೈಬುಸಾಬ ಬಗ್ಗಿ ನೋಡಿದ. “ಈ ಮುಳ್ಳೂ ಅಯಸ್ಕಾಂತನ ಇರಬೇಕು. ಸನೇಕ ಕಬ್ಬಿಣ ಬಂದ್ರ ಆ ಕಡೆ ಹೊರಳತೈತಿ. ಇಲ್ಲಿ ಯಾಕ ತಂದಿ ಅದನ್ನ? ಛಪ್ಪರದ ತುಂಬ ಕಬ್ಬಿಣ ಐತಿ. ಹೊರಗ ಒಯ್ಯಿ.”

ನಜಮಾ ಡಬ್ಬಿಯನ್ನು ಹೊರಗೆ ಒಯ್ದಳು. ಬೀದಿಯಾಚೆಯ ಬೇವಿನ ಕಟ್ಟೆಯ ಮೇಲೆ ಇಟ್ಟಳು. ಮುಳ್ಳು ಅಲುಗಾಡಿ ನಿಂತಿತು. ಎತ್ತಿಕೊಳ್ಳಲು ಬಲಗೈ ಚಾಚಿದಳು. ಮುಳ್ಳು ಸರಿಯಿತು. ಕೈ ಹಿಂದೆ ತೆಗೆದಳು. ಮುಳ್ಳು ಮೊದಲಿನ ಜಾಗಕ್ಕೆ ಬಂತು.

ಎಡಗೈ ಚಾಚಿದಳು. ಮುಳ್ಳು ಅಲುಗಲಿಲ್ಲ.

ಮತ್ತೆ ಬಲಗೈ. ಮತ್ತೆ ಸರಿಯಿತು.

ಅವಳ ಬಲಗೈ ಬೆರಳಿನಲ್ಲಿ ಕರಿಯ ಉಂಗುರ ಇತ್ತು. ಹಳೆಯ ಲಾಳ ಕರಗಿಸದೆ, ಬಡಿದು ಮಾಡಿದ ಉಂಗುರ. ಓಟಕ್ಕೆ ಆರಿಸಿದ್ದಾರೆಂದು ತಿಳಿದಾಗ ಅವಳ ದಾದಿ, ಅಪ್ಪನ ತಾಯಿ ಹುಸೇನಬಿ, ಹೇಳಿ ಮಾಡಿಸಿದ್ದಳು. “ಊರ ಮಂದಿ ಕಣ್ಣು ನಿನ್ನ ಮ್ಯಾಲ ಬೀಳತೈತಿ. ಲಾಳದ ಉಂಗುರ ಇದ್ರ ನದರ ಆಗಂಗಿಲ್ಲ,” ಎಂದು ತಾನೇ ಬೆರಳಿಗೆ ಹಾಕಿದ್ದಳು.

ಹೋದ ಭಾನುವಾರ. ಕಾಳವ್ವ ಹೊಸ ಚಪ್ಪಲಿ ಹಾಕಿಕೊಂಡು ನಿಡೋಣಿಯಿಂದ ಬಂದ ದಿನವೇ.

ನಜಮಾ ಉಂಗುರ ತೆಗೆದು ಕಿಸೆಗೆ ಹಾಕಿದಳು. ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಳು.

ಶನಿವಾರ ಅವಳು ಬರಿಗೈಯಲ್ಲಿ ಡಬ್ಬಿ ಹಿಡಿದಳು. ಉಂಗುರವನ್ನು ಪಾಟಿಚೀಲದಲ್ಲಿ ಬಿಟ್ಟಿದ್ದಳು. ಆನಂದಿ ನಡೆದಳು. ಆರಕ್ಕೆ ಆರೂ ಬಾವುಟ ಸಿಕ್ಕವು.

“ನೋಡಿದ್ರಿಲ್ಲ? ಜೋಡಿ ಬದಲಿ ಮಾಡಿದ್ದು ಚಲೋ ಆತು,” ಎಂದರು ಟೀಚರ್.

ಕಾಳವ್ವ ಬಾವುಟ ಕಿತ್ತು ಕಟ್ಟುತ್ತಿದ್ದಳು. ಮಾತು ಅವಳಿಗೂ ಕೇಳಿತು. ನಜಮಾ ಹೇಳಲು ಬಾಯಿ ತೆರೆದಳು. ಟೀಚರ್ ಪೇರಲಹಣ್ಣು ಕೊಟ್ಟರು. ಹಣ್ಣು ಎರಡೇ ಇದ್ದವು. ಒಂದು ಆನಂದಿಗೆ, ಒಂದು ನಜಮಾಗೆ. ನಜಮಾ ತಿಂದಳು.

ಹೇಳದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಉಂಗುರ ಇಲ್ಲ, ಮುಳ್ಳು ಸರಿಯಾಗಿದೆ. ನಾಳೆ ಓಡುತ್ತೇನೆ. ಗೆಲ್ಲಲೂಬಹುದು.

ಭಾನುವಾರ ಬೆಳಿಗ್ಗೆ ತಿಕೋಟಾದ ಬಸ್ಸಿನಲ್ಲಿ ನಜಮಾಳ ಪಕ್ಕದಲ್ಲಿ ಜಾಗ ಖಾಲಿ ಇತ್ತು. ಕಾಳವ್ವ ಅಲ್ಲಿ ಕೂರದೆ ಹಿಂದಿನ ಸೀಟಿನಲ್ಲಿ ಕುಳಿತಳು. ಮಡಿಲಲ್ಲಿ ನೀರಿನ ಕೊಡ. ಕಿಟಕಿಯಾಚೆ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಬಸ್ಸು ಓಡಿದಂತೆ ಒಂದೊಂದೇ ಸಾಲು ತೆರೆದು ಮುಚ್ಚುತ್ತಿತ್ತು.

“ಯಾರ ಬಿತ್ಯಾರೋ ಏನೋ,” ಕಾಳವ್ವ ಯಾರಿಗೂ ಅಲ್ಲದಂತೆ ಹೇಳಿದಳು. “ಒಂದ ಸಾಲೂ ಡೊಂಕ ಇಲ್ಲ.”

ಸ್ವಲ್ಪ ಹೊತ್ತಿನ ಮೇಲೆ ತನ್ನ ಕಾಲು ನೋಡಿಕೊಂಡು, “ನಾ ಮೊದ್ಲಿಂದ ಡೊಂಕ ನಡೀತಿದ್ನೋ ಏನೋ. ಅಪ್ಪ ಸುಮ್ನ ಚಲೋ ಐತಿ ಅಂತಿದ್ದ ಕಾಣಸ್ತೈತಿ,” ಎಂದಳು.

ನಜಮಾ ಹಿಂದೆ ತಿರುಗಲಿಲ್ಲ.

ತಿಕೋಟಾದ ಮಡ್ಡಿಯ ಮೇಲೆ ಆರು ಶಾಲೆಗಳ ಹುಡುಗಿಯರು ಸಾಲಾಗಿ ನಿಂತರು. ಒಬ್ಬ ಮಾಸ್ತರರು ಪಟ್ಟಿ ಹಿಡಿದು ಕೂಗಿದರು. “ಯಾರರ ಬದಲಿ ಇದ್ರ ಈಗ ಹೇಳ್ರಿ. ಸೀಟಿ ಊದಿದ ಮ್ಯಾಲ ಕೇಳಂಗಿಲ್ಲ!”

“ಟೀಚರ್ರೀ,” ಎಂದಳು ನಜಮಾ. ಬೆಳಿಗ್ಗೆ ಪಾಟಿಚೀಲದಿಂದ ಕಿಸೆಗೆ ಹಾಕಿಕೊಂಡಿದ್ದ ಉಂಗುರ ತೆಗೆದು ಡಬ್ಬಿಯ ಹತ್ತಿರ ಹಿಡಿದಳು. ಮುಳ್ಳು ಹೊರಳಿತು. “ಕಾಳಿ ಡೊಂಕ ನಡದಿಲ್ರಿ. ನನ್ನ ಉಂಗರದ ಸಲುವಾಗಿ ಹಂಗಾಗಿತ್ರಿ.”

ಟೀಚರ್ ಮುಳ್ಳು ನೋಡಿದರು. ನಜಮಾಳ ಮುಖ ನೋಡಿದರು. “ಯಾವಾಗ ಗೊತ್ತಾತು?”

“ಮೊನ್ನೆ.”

“ಮೊನ್ನೆ ಗೊತ್ತಾಗಿದ್ದು ಇವತ್ತ ಹೇಳ್ತಿ! ನಿನ್ನೆ ಬಾಯಾಗ ಏನ ಇಟ್ಕೊಂಡಿದ್ದಿ?”

ಪೇರಲಹಣ್ಣು, ಎಂದು ಅನ್ನಬೇಕಾಗುತ್ತಿತ್ತು.

“ನಾನೂ ನೋಡಬೇಕಿತ್ತು,” ಎಂದು ಟೀಚರ್ ತಮ್ಮಷ್ಟಕ್ಕೆ ಗೊಣಗಿದರು. ಆಮೇಲೆ, “ಕಾಳವ್ವಾ, ಆನಂದಿನ್ನ ಬಿಡಸ್ತೇನಿ. ನೀ ನಜಮಾನ ಜೋಡಿ ಓಡು,” ಎಂದರು.

“ಆಕಿ ಜೋಡಿ ನಾ ಓಡಂಗಿಲ್ರಿ,” ಎಂದಳು ಕಾಳವ್ವ.

ಆನಂದಿ ಇಬ್ಬರ ಮುಖವನ್ನೂ ನೋಡಿದಳು. ಅವಳೇನೂ ತಪ್ಪು ಮಾಡಿರಲಿಲ್ಲ. ಡಬ್ಬಿ ನೋಡಲು ಮೂವರಿಗೂ ಬರುತ್ತಿತ್ತು. ಓಡಬೇಕಾದವರು ಇಬ್ಬರು. ಲೆಕ್ಕ ಕಷ್ಟದ್ದಲ್ಲ. ನಜಮಾ ಡಬ್ಬಿಯ ದಾರವನ್ನು ಕುತ್ತಿಗೆಯಿಂದ ತೆಗೆದು ಆನಂದಿಯ ಕುತ್ತಿಗೆಗೆ ಹಾಕಿದಳು. ಕಾಳವ್ವನ ಕೈಯಿಂದ ಕೊಡ ತೆಗೆದುಕೊಂಡಳು. ಕೊಡ ಭಾರ ಇತ್ತು.

ಮಾಸ್ತರರು ಸೀಟಿ ಊದಿದರು.

ನಜಮಾ ಬಂಡೆಯ ಮೇಲೆ ಹತ್ತಿ ನೋಡಿದಳು. ಕಾಳವ್ವ ಚಪ್ಪಲಿ ಹಾಕಿಕೊಂಡೇ ನಡೆಯುತ್ತಿದ್ದಳು. ಜಾಲಿಗಿಡ ಅಡ್ಡ ಬಂದರೆ ಸುತ್ತಿ ಹೋಗಿ, ಮತ್ತೆ ಅದೇ ಗೆರೆಗೆ ಬರುತ್ತಿದ್ದಳು. ಮುಂದೆ ಕಾಣದ ಎತ್ತುಗಳಿದ್ದಂತೆ ತಲೆ ಬಗ್ಗಿಸಿದ್ದಳು. ಒಂದನೇ ಬಾವುಟ. ಎರಡು. ಮೂರು. ನಾಲ್ಕರವರೆಗೆ ಅವರೇ ಮುಂದಿದ್ದರು.

ಐದನೆಯದಕ್ಕೆ ತಡವಾಯಿತು. ಇಬ್ಬರೂ ಗಿಡಗಳ ನಡುವೆ ಹುಡುಕಾಡುವುದು ಕಂಡಿತು. ಬಬಲೇಶ್ವರದ ಹುಡುಗಿಯರು ಅವರನ್ನು ದಾಟಿ ಹೋದರು. ಇನ್ನೊಂದು ಜೋಡಿಯೂ ದಾಟಿತು. ಆಮೇಲೆ ಮತ್ತೊಂದು.

ಅವರು ನಾಲ್ಕನೆಯವರಾಗಿ ಬಂದರು. ಬಹುಮಾನ ಮೂರರವರೆಗೆ ಮಾತ್ರ.

“ಏನಾತು?” ಟೀಚರ್ ಕೇಳಿದರು.

ಆನಂದಿ ಬಾಯಿ ತೆರೆಯುವ ಮೊದಲೇ ಕಾಳವ್ವ, “ಎಣಿಕಿ ನಾನ ತಪ್ಪಿದೇರಿ,” ಎಂದಳು. “ಇನ್ನೂರು ಆದ ಮ್ಯಾಲ ಮತ್ತ ನೂರಾ ಒಂದು ಅಂದೆ. ನೂರು ಹೆಜ್ಜಿ ಮುಂದ ಹೋದ್ವಿ.”

ಅಷ್ಟೇ ಹೇಳಿ ನೀರಿಗೆ ಬೊಗಸೆ ಒಡ್ಡಿದಳು. ನಜಮಾ ಕೊಡ ಬಗ್ಗಿಸಿ ನೀರು ಹಾಕಿದಳು. ಎರಡು ಉಸಿರಿನಲ್ಲಿ ಹೇಳಿ ಮುಗಿಸಿದ್ದಳು ಕಾಳವ್ವ. ಯಾರೂ ಅವಳನ್ನು ಒತ್ತಾಯಿಸಿರಲಿಲ್ಲ. ನೀರು ಬೊಗಸೆ ತುಂಬಿ ಚೆಲ್ಲುವವರೆಗೂ ನಜಮಾ ಅವಳ ಮುಖವನ್ನೇ ನೋಡುತ್ತಿದ್ದಳು.

“ಸಾಕು ಸಾಕು! ಜಳಕಾ ಮಾಡಸ್ತಿಯೇನ?” ಎಂದಳು ಕಾಳವ್ವ.

ಸಂಜೆ ವಿಜಾಪುರದಲ್ಲಿ ಬಸ್ಸು ಇಳಿದು ಇಬ್ಬರೂ ಒಂದೇ ದಾರಿಯಲ್ಲಿ ನಡೆದರು. ನಜಮಾಳ ಮನೆ ಹಾಸ್ಟೆಲಿನಾಚೆ ಇತ್ತು. ಕಾಳವ್ವ ಮುಂದೆ, ಖಾಲಿ ಕೊಡ ಹೊತ್ತ ನಜಮಾ ನಾಲ್ಕು ಹೆಜ್ಜೆ ಹಿಂದೆ.

ಹಾಸ್ಟೆಲಿನ ಬಾಗಿಲಲ್ಲಿ ಕಾಳವ್ವ ಕೊಡಕ್ಕಾಗಿ ಕೈ ಚಾಚಿದಳು. ನಜಮಾ ಕೊಡಲಿಲ್ಲ.

“ಬರೋ ವರ್ಷ ಮತ್ತ ಓಟ ಐತಂತ,” ಎಂದಳು.

“ಇರಲಿ.”

“ಡಬ್ಬಿ ಯಾರ ಹಿಡೀತಾರ?”

ಕಾಳವ್ವ ಅವಳನ್ನು ಒಂದು ಗಳಿಗೆ ನೋಡಿದಳು. “ಮೊದಲ ಕೈ ತೋರ್ಸು.”

ನಜಮಾ ಕೊಡವನ್ನು ಕೆಳಗಿಟ್ಟು ಎರಡೂ ಕೈಗಳನ್ನು ಮುಂದೆ ಚಾಚಿದಳು. ಹತ್ತೂ ಬೆರಳು ಬರಿದಾಗಿದ್ದವು.

ಕಾಳವ್ವ ಒಂದೊಂದೇ ಬೆರಳು ನೋಡಿದಳು. ಹತ್ತರವರೆಗೂ ಎಣಿಸಿದಳು, ಈ ಸಲ ತಪ್ಪಲಿಲ್ಲ. ಆಮೇಲೆ ಕೊಡ ಎತ್ತಿಕೊಂಡು ಒಳಗೆ ಹೋದಳು.