ಏಳನೆಯ ಕಲ್ಲು

2025ರ ಮಾರ್ಚ್ 16, ಭಾನುವಾರ. ಸಂಜೆ 5 ಗಂಟೆ 40 ನಿಮಿಷಕ್ಕೆ ಚಿಂಚೋಳಿ ಪೊಲೀಸ್ ಠಾಣೆಗೆ ಒಬ್ಬ ಹೆಣ್ಣುಮಗಳು ಓಡಿಬಂದಳು. ಹೆಸರು ಸಮ್ರೀನ್, ಸೇಡಂನ ಶಾಲೆಯೊಂದರ ಶಿಕ್ಷಕಿ. ಬೂಟಿನ ತುಂಬ ಮರಳು, ತುಟಿ ಒಣಗಿತ್ತು. ಪಿಎಸ್‌ಐ ಉಮಾದೇವಿ ನೀರಿನ ಲೋಟ ಮುಂದಿಟ್ಟರೂ ಮುಟ್ಟಲಿಲ್ಲ.

“ನಮ್ಮ ಭಾಗ್ಯಜ್ಯೋತಿ ಟೀಚರ್ ಕಾಣವಲ್ರು ಮೇಡಂ.”

“ಎಲ್ಲಿಂದ?”

“ಚಂದ್ರಂಪಳ್ಳಿ ಡ್ಯಾಮಿನ ದಂಡಿಯಿಂದ. ಮುಂಜಾನಿ ಒಂಬತ್ತು ಮಂದಿ ನಡ್ಯಾಕ ಹೋಗಿದ್ವಿ. ವಾಪಸ್ ಬಂದವರು ಎಂಟೇ ಮಂದಿ. ಇಷ್ಟೊತ್ತನಕ ದಂಡಿಗುಂಟ ನಾವೇ ಹುಡುಕಿದ್ವಿ.”

“ಅವರ ಫೋನ್?”

“ನಡ್ಯೋಮುಂದ ಬಂದ್ ಇಡಬೇಕಂತ ನಮ್ಮ ನಿಯಮ ಅದರೀ. ಮಾತೂ ಆಡಂಗಿಲ್ಲ.”

ಕಾಡಿಗೆ ಹೋಗುವವರು ಫೋನು, ಬಾಯಿ ಎರಡನ್ನೂ ಮುಚ್ಚಿಕೊಂಡು ಹೋಗುವುದು ಯಾವ ಸೀಮೆಯ ಶೋಕಿ ಎಂದು ಕೇಳಬೇಕೆನಿಸಿತು ಉಮಾದೇವಿಗೆ. ಆದರೆ ಹೊತ್ತು ಇಳಿಯುತ್ತಿತ್ತು. ಬೈಗುಳ ನುಂಗಿಕೊಂಡು ಕಾಣೆಯಾದವರ ದೂರು ಬರೆಸಿಕೊಂಡರು.

ಸೇಡಂನ ‘ದಂಡೆ ನಡಿಗೆ ಬಳಗ’ ಜನವರಿಯಲ್ಲಿ ಅನುಮತಿ ಪಡೆದು ಆ ಕಾಲುದಾರಿಯನ್ನು ಗುರುತಿಸಿತ್ತು. ಡ್ಯಾಮಿನ ಬದಿಯಿಂದ ಕಾಡಿನೊಳಗೆ, ಅಲ್ಲಿಂದ ಮರಳ ದಿಬ್ಬಗಳನ್ನು ದಾಟಿ, ನೀರು ಹಿಂದೆ ಸರಿದ ದಂಡೆಗುಂಟ ಆರು ಕಿಲೋಮೀಟರ್. ದಾರಿಯುದ್ದಕ್ಕೂ ಹನ್ನೆರಡು ಶಹಾಬಾದ ಕಲ್ಲು ನೆಟ್ಟು, ಹಳದಿ ಬಣ್ಣದಲ್ಲಿ ಪಾದ ಬರೆದು ನಂಬರು ಹಾಕಿದ್ದರು. ಕಲ್ಲು ನಿಂತ ಕಡೆ ನಡೆಯಬೇಕು, ಅಷ್ಟೇ. ಬಳಗದ ಮುಖಂಡ ಅಂಬರೇಶನಿಗೆ ದಾರಿ ಬಾಯಿಪಾಠವಾಗಿತ್ತು. ಏಳು ಮಂದಿ ಅವನ ಬೆನ್ನು ನೋಡಿಕೊಂಡು ನಡೆದರು. ಹಕ್ಕಿ ನೋಡುತ್ತ ಹಿಂದುಳಿದ ಭಾಗ್ಯಜ್ಯೋತಿ ಒಬ್ಬಳೇ ಕಲ್ಲು ನೋಡಿಕೊಂಡು ನಡೆದಿದ್ದಳು.

ಅಂದು ಬೆಳಕಿರುವವರೆಗೂ ಹುಡುಕಿದರು, ಸಿಗಲಿಲ್ಲ. ಮರುದಿನ ಬೆಳಿಗ್ಗೆ 6.50ಕ್ಕೆ ಒಬ್ಬ ಮೀನುಗಾರ ಓಡಿಬಂದು ಪೊಲೀಸರನ್ನು ಕರೆದೊಯ್ದ. ದಂಡೆಯ ಮೇಲಿನ ಮೀನುಗಾರರ ಕೇರಿಯ ತಮ್ಮಣ್ಣ, ಐವತ್ತೆರಡು ವರ್ಷ. ಆಡು ಓಡಾಡುವ ಮೇಲಿನ ದಾರಿಯ ಪಕ್ಕ, ಮುಳ್ಳುಕಂಟಿ ಮುಚ್ಚಿದ ಹಾಳುಬಾವಿ. ತಳದಲ್ಲಿ ಭಾಗ್ಯಜ್ಯೋತಿ ಜೀವದಿಂದಿದ್ದಳು. ಹಗ್ಗ ಕಟ್ಟಿಕೊಂಡು ಬಾವಿಗಿಳಿದವನೂ ತಮ್ಮಣ್ಣನೇ. ಬಳಗದವರು ಅವನ ಕೈ ಹಿಡಿದು ಅತ್ತರು. ಅವನು ತಲೆ ಎತ್ತಲಿಲ್ಲ. ಎಂಥ ಸಂಕೋಚದ ಮನುಷ್ಯ ಎಂದುಕೊಂಡರು ಉಮಾದೇವಿ.

ಆಂಬುಲೆನ್ಸ್ ಕಲಬುರಗಿಗೆ ಹೊರಟಿತು. ಕಾಲು ಜಾರಿ ಬಿದ್ದದ್ದು ಎಂದು ಬರೆದು ಮುಗಿಸಿ ಎಂದು ಮೇಲಿನವರ ಫೋನು ಬಂತು. “ನೋಡ್ತೀನಿ ಸರ್” ಎಂದರು ಉಮಾದೇವಿ. ಅವರು ಹಾಗೆಂದರೆ ಕೆಲಸ ಮುಗಿಯುವುದಿಲ್ಲ, ಶುರುವಾಗುತ್ತದೆ ಎಂದು ಹೆಡ್ ಕಾನ್‌ಸ್ಟೆಬಲ್ ಭೀಮಾಶಂಕರನಿಗೆ ಗೊತ್ತು. ಮೊಣಕಾಲು ನೋವಿನ ಆ ಮನುಷ್ಯ ನಿಟ್ಟುಸಿರು ಬಿಟ್ಟು ಹಿಂದೆ ನಡೆದ.

ಬೆಳಿಗ್ಗೆ 11ಕ್ಕೆ ಸ್ಥಳ ಪಂಚನಾಮೆ. ಕಾಡು ಮುಗಿಯುವಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಮರಳ ದಿಬ್ಬ, ಬಲಕ್ಕೆ ಆಡಿನ ದಾರಿ. ಏಳನೆಯ ಕಲ್ಲು ಬಲಗಡೆ ನಿಂತಿತ್ತು. ಎಡದಾರಿಯ ಬಾಯಿಗೆ ಯಾರೋ ಮುಳ್ಳು ಎಳೆದಿದ್ದರು. ಮುಂದೆ ಹೋದವರು ಅದನ್ನು ದಾಟಿಕೊಂಡೇ ಹೋಗಿದ್ದರು. ಮುಳ್ಳು ಸರಿಸಿ ನೋಡಿದರೆ ಹಸಿ ಮಣ್ಣು ಮುಚ್ಚಿದ ಹಳೆಯ ಕುಣಿ.

“ಯಾರೋ ಕಿತ್ತು ಈ ಕಡಿ ನೆಟ್ಟಾರ,” ಎಂದರು ಉಮಾದೇವಿ.

ಭೀಮಾಶಂಕರ ಕಲ್ಲಿನ ಬುಡಕ್ಕೆ ಕುಕ್ಕರಗಾಲಲ್ಲಿ ಕುಳಿತ. ಅವನು ಶಹಾಬಾದದವನು, ಸೋದರಮಾವನ ಕಲ್ಲು ಪಾಲಿಶ್ ಯಾರ್ಡಿನಲ್ಲಿ ಆಡಿ ಬೆಳೆದವನು.

“ಮೇಡಂ, ಉಳಿದ ಹನ್ನೊಂದು ಕಲ್ಲು ನೋಡಿದ್ರಿಲ್ಲ? ಒಂದೂ ನೆಟ್ಟಗಿಲ್ಲ. ಎಲ್ಲಾ ವಾಲ್ಯಾವ. ಇದೊಂದೇ ತೂಗುಗುಂಡ ಹಿಡಿದಂಗ ನಿಂತದ.”

“ಅಂದ್ರ?”

“ಎರಡೂ ಕಡಿ ಕಲ್ಲಿನ ಸಣ್ಣ ಚಕ್ಕಿ ಬಡಿದು ಬಿಗಿ ಮಾಡ್ಯಾರ. ಕೂಲಿ ಮಂದಿ ಇಷ್ಟು ತ್ರಾಸ ತಗೊಳಂಗಿಲ್ರಿ. ಇದು ಕಲ್ಲಿನ ಕೆಲಸ ಮಾಡಿದ ಕೈ.”

ಅಂದೇ ಮಧ್ಯಾಹ್ನ 3.15ಕ್ಕೆ ಪ್ರಕರಣ ದಾಖಲಾಯಿತು. ಜೀವಕ್ಕೆ ಅಪಾಯ ತಂದು ತೀವ್ರ ಗಾಯಕ್ಕೆ ಕಾರಣವಾದದ್ದು, ಭಾರತೀಯ ನ್ಯಾಯ ಸಂಹಿತೆ ಕಲಂ 125(ಬಿ). ಎಫ್‌ಐಆರ್‌ನ ಆರೋಪಿ ಕಾಲಮ್ಮಿನಲ್ಲಿ ‘ಅಪರಿಚಿತ’ ಎಂದು ಬರೆಯುವಾಗ ಉಮಾದೇವಿಗೆ ಮೈ ಉರಿಯಿತು. ಮುಂದಿನ ಭಾನುವಾರ ಅದೇ ದಾರಿಯಲ್ಲಿ ನಲವತ್ತು ಶಾಲಾ ಮಕ್ಕಳ ನಡಿಗೆ ನಿಗದಿಯಾಗಿತ್ತು. ಅಷ್ಟರೊಳಗೆ ಈ ಕೈ ಯಾರದೆಂದು ತಿಳಿಯಲೇಬೇಕು.

ಬಳಗದವರ ಫೋನುಗಳಿಂದ ಹಳೆಯ ಫೋಟೊ ತರಿಸಿದರು. ಫೆಬ್ರವರಿ 23ರ ನಡಿಗೆಯ ಹನ್ನೊಂದು ಚಿತ್ರಗಳಿದ್ದವು. ಒಂದರಲ್ಲಿ ಏಳನೆಯ ಕಲ್ಲು ಎಡಗಡೆಯೇ ಇತ್ತು, ಓರೆಯಾಗಿ. ಉಳಿದವುಗಳಲ್ಲಿ ನೀರು, ಹಕ್ಕಿ, ಮರಳಿನಲ್ಲಿ ಚಹಾ ಕಾಸುವ ನಗುಮುಖಗಳು. ಉಮಾದೇವಿ ಮೊದಲನೆಯದಕ್ಕೆ ಗುರುತು ಹಾಕಿ ಉಳಿದದ್ದನ್ನು ಫೈಲಿಗೆ ಸೇರಿಸಿದರು.

18ರಂದು ಭೀಮಾಶಂಕರ ಸುತ್ತಲಿನ ಹಳ್ಳಿ ತಿರುಗಿ ಬಂದ. ಕಲ್ಲು ಕೂಡಿಸುವ ಕಸುಬು ಬಲ್ಲವರು ಇಬ್ಬರೇ ಸಿಕ್ಕರು. ಒಬ್ಬ ನಾಮದೇವ, ಅವನು ಹದಿನೈದು ದಿನದಿಂದ ವಾಡಿಯಲ್ಲಿ ನೆಲಕ್ಕೆ ಫರಶಿ ಕಲ್ಲು ಹಾಸುತ್ತಿದ್ದ, ಜತೆಯವರು ಸಾಕ್ಷಿ ಹೇಳಿದರು. ಇನ್ನೊಬ್ಬ ಹನ್ನೊಂದು ವರ್ಷ ಶಹಾಬಾದದ ಯಾರ್ಡಿನಲ್ಲಿ ದುಡಿದು, ಮತ್ತೆ ಬಲೆ ಹಿಡಿದವನು.

“ಯಾರು?”

“ಟೀಚರನ್ನ ಬಾವಿಯಿಂದ ಎತ್ತಿದವನೇ ಮೇಡಂ. ತಮ್ಮಣ್ಣ.”

ಉಮಾದೇವಿ ಕೂಡಲೇ ನಂಬಲಿಲ್ಲ. ನಂಬಲು ಮನಸ್ಸೂ ಇರಲಿಲ್ಲ. 19ರ ಬೆಳಿಗ್ಗೆ ಕಲಬುರಗಿಯ ಆಸ್ಪತ್ರೆಗೆ ಹೋದರು. ತೊಡೆಯ ಎಲುಬು ಮುರಿದು ಭಾಗ್ಯಜ್ಯೋತಿಗೆ ರಾಡು ಹಾಕಿದ್ದರು. ಮಾತಿನ್ನೂ ಪಿಸುದನಿ.

“ಬಾವ್ಯಾಗಿಂದ ಕೂಗಿದ್ರೇನು?”

“ಫೋನ್ ಬೀಳೋಮುಂದನೇ ಒಡೀತು. ಸಂಜಿತನಕ ಕೂಗಿದೆ. ಆಮ್ಯಾಲ ಗಂಟಲ ಕಟ್ಟಿಬಿಡ್ತು. ಬೆಳಕ ಹರಿಯೋಮುಂದ ಮ್ಯಾಲ ಒಂದು ಮುಖ ಕಾಣಿಸ್ತು. ‘ಅವ್ವಾ, ಜೀವ ಅದೇನು?’ ಅಂದ್ರು. ನನಗ ಹೂಂ ಅನ್ನಾಕೂ ಬರ್ಲಿಲ್ಲ. ಕೈ ಎತ್ತಿದೆ.”

ಧ್ವನಿ ಕೇಳಿ ಬಾವಿಗೆ ಹೋದೆ ಎಂದು ತಮ್ಮಣ್ಣ ಹೇಳಿಕೆ ಕೊಟ್ಟಿದ್ದ.

20, ಗುರುವಾರ, ಬೆಳಿಗ್ಗೆ 8.10. ತಮ್ಮಣ್ಣ ಮನೆಯ ಮುಂದೆ ಬಲೆ ಹೆಣೆಯುತ್ತಿದ್ದ. ಹೆಂಡತಿ ಮರೆಮ್ಮ ಒಳಗಿನಿಂದ ಚಾಪೆ ತಂದು ಹಾಸಿದಳು. “ಕುಂದ್ರಿ ಮೇಡಂ.”

ಉಮಾದೇವಿ ಕುಳಿತರು. “ತಮ್ಮಣ್ಣ, ಬಾವಿಗಿ ಯಾಕ ಹೋಗಿದ್ರಿ?”

“ಧ್ವನಿ ಕೇಳ್ತಂತ ಅವತ್ತೇ ಹೇಳೀನಲ್ರಿ.”

“ಆಕಿಗಿ ಧ್ವನೀನೇ ಇದ್ದಿಲ್ಲ. ಮೊದಲ ಮಾತಾಡಿದವರು ನೀವು.”

ತಮ್ಮಣ್ಣನ ಬಲೆಯ ಮೇಲಿನ ಕೈ ನಿಂತಿತು.

“ಏಳನೇ ಕಲ್ಲು ಕಿತ್ತವರು ನೀವೇ ಏನು?”

“ನಾ ಯಾಕ ಕೀಳ್ಲಿ?”

“ಹನ್ನೊಂದು ಕಲ್ಲು ಡೊಂಕ ಅವ ತಮ್ಮಣ್ಣ. ಅದೊಂದೇ ನೆಟ್ಟಗದ. ಮಂದೀನ ದಾರಿ ತಪ್ಪಿಸೋ ಕಲ್ಲಿಗಿ ಅಷ್ಟು ಚಂದ ಚಕ್ಕಿ ಬಡೀತಾರೇನು?”

ತಮ್ಮಣ್ಣ ತನ್ನ ಅಂಗೈಯನ್ನು ನೋಡಿಕೊಂಡ.

“ಡೊಂಕ ನಿಲ್ಸಾಕ ನನಗ ಬರಂಗಿಲ್ರಿ,” ಎಂದ.

ಒಳಗೆ ಮರೆಮ್ಮನ ಕೈಯಿಂದ ತಂಬಿಗೆ ಬಿತ್ತು. ಅವಳಿಗೂ ಗೊತ್ತಿರಲಿಲ್ಲ.

“ಆಡಿನ ದಾರಿ ಹಿಡಿದು ಸುತ್ತಹಾಕಿ ಡಾಂಬರ ರಸ್ತಾಕ ಹೋಗಲಿ ಅಂತ ಮಾಡೀನ್ರಿ. ದಂಡಿಗಿ ಬರಬಾರ್ದು, ಅಷ್ಟೇ. ಯಾರಿಗೂ ಕೇಡ ಬಯಸಿಲ್ಲ.”

“ನಡುವ ಬಾವಿ ಅದಲ್ಲ?”

“ಆ ಬಾವಿ ಅಲ್ಲಿ ಅದಂತ ಯಾರಿಗಿ ಗೊತ್ತಿಲ್ರಿ?” ಎಂದವನು ತಾನೇ ಬೆಚ್ಚಿದ. “ನಮ್ಮ ಆಡಿಗೂ ಗೊತ್ತದ. ಹುಟ್ಟಿದಾಗಿಂದ ಬಗಲಿಗಿ ಹಾಯ್ದು ಹೋಗ್ತೀವಿ. ಅದು ನೆನಪಿಗೇ ಬರ್ಲಿಲ್ಲ ಮೇಡಂ. ಒಬ್ರು ತಪ್ಪಿಸಿಕೊಂಡಾರಂತ ಮಂದಿ ಹುಡುಕೋದು ನೋಡಿ, ಬೆಳಗಾಮುಂಜಾನಿ ಎದ್ದು ಕುಂತಾಗ ನೆನಪಾತು. ಓಡಿದೆ.”

ಉಮಾದೇವಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂಕಟ. ಊರಿನವರು ಊರ ಹೊಂಡವನ್ನು ಮರೆಯುವುದು ಹೀಗೇ, ದಿನಾ ತಪ್ಪಿಸಿ ನಡೆದೂ ನಡೆದೂ.

“ದಂಡಿಗಿ ಯಾಕ ಬರಬಾರ್ದು?”

“ತೋರಸ್ತೀನಿ, ಬರ್ರಿ.”

ಮರಳ ದಿಬ್ಬ ದಾಟಿದರೆ ಅವನ ಮನೆತನದ ಹಳೆಯ ಮಣ್ಣುಮಾಡುವ ಜಾಗ. ಡ್ಯಾಮು ತುಂಬಿದಾಗ ಅದು ನೀರಿನೊಳಗೆ, ಬೇಸಿಗೆಗೆ ಹೊರಗೆ. ಅವನ ಮಗಳು ಅಂಬಿಕಾ ಒಂಬತ್ತು ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡಾಗ ನೀರು ದೂರ ಸರಿದಿತ್ತು. ಹಿರಿಯರ ಪಕ್ಕದಲ್ಲೇ ಮಣ್ಣು ಮಾಡಿದರು. ಅಂದೇ ಶಹಾಬಾದದ ಯಾರ್ಡು ಬಿಟ್ಟ. ಬಿಡುವಾಗ ತಂದದ್ದು ಒಂದೇ ಕಲ್ಲು, ತಾನೇ ಪಾಲಿಶ್ ಮಾಡಿದ್ದು; ಅದನ್ನು ಮಗಳ ಮಣ್ಣಿನ ಮೇಲೆ ಹಾಸಿದ. ಹೆಸರು ಕೆತ್ತಿಸಲಿಲ್ಲ, ಅವರಲ್ಲಿ ಆ ರೂಢಿಯಿಲ್ಲ. ವರ್ಷಕ್ಕೊಮ್ಮೆ ಯುಗಾದಿಗೆ ಮುಂಚೆ, ನೀರು ಸರಿದ ಕೂಡಲೆ ಗಂಡ ಹೆಂಡತಿ ಬಂದು ಕಲ್ಲಿನ ಕೆಸರು ತೊಳೆದು ಎಡೆ ಇಡುತ್ತಾರೆ.

ಕಲ್ಲು ಅಲ್ಲೇ ಇತ್ತು, ಚಪ್ಪಟೆಯಾಗಿ, ನುಣ್ಣಗೆ. ನಡುವೆ ಅಂಗೈಯಗಲ ಕರಿ ಕಲೆ.

“ಯಾರೋ ಕಲ್ಲಿನ ಮ್ಯಾಲ ಬೆಂಕಿ ಹಚ್ಯಾರ. ಈ ಕಲ್ಲು ಮಸಿ ಕುಡೀತದ್ರಿ, ಬಿಡಂಗಿಲ್ಲ. ಮೂರು ದಿನ ತಿಕ್ಕೀನಿ.” ಅವನು ಕಲೆಯನ್ನು ಅಂಗೈಯಿಂದ ಮತ್ತೆ ತಿಕ್ಕಿದ. “ಐವತ್ತು ಹೆಜ್ಜಿ ಆಕಡಿ ಹಾಯ್ರಪ್ಪಾ ಅಂತ ಅಂಬರೇಶಪ್ಪಗ ಕೈ ಮುಗಿದೆ. ನಕ್ಷಾ ಅಚ್ಚಾಗ್ಯದ, ಬದಲಾಗಂಗಿಲ್ಲ ಅಂದ್ರು.”

“ಇಲ್ಲಿ ಮಗಳ ಮಣ್ಣದ ಅಂತ ಹೇಳಿದ್ರೇನು?”

“ಅದನ್ನ ಹೆಂಗ ಬಾಯಿ ಬಿಟ್ಟು ಹೇಳ್ಲಿ ಮೇಡಂ?”

ಬೆಳಿಗ್ಗೆ 10.30ಕ್ಕೆ ಪಂಚರ ಸಮಕ್ಷಮ ಅವನ ಮನೆಯ ಹಿತ್ತಲಿನಿಂದ ಹಾರೆ ಜಪ್ತಿಯಾಯಿತು. ತುದಿಯಲ್ಲಿ ಹಳದಿ ಬಣ್ಣದ ಚೂರು ಅಂಟಿತ್ತು. 11.20ಕ್ಕೆ ದಸ್ತಗಿರಿ, ಮರೆಮ್ಮನಿಗೆ ತಿಳಿಸಿ ಹೆಬ್ಬೆರಳ ಗುರುತು ಪಡೆಯಲಾಯಿತು. ಜಾಮೀನು ಸಿಗುವ ಕಲಂ, ಹೆದರಬೇಡಿ ಎಂದರು ಉಮಾದೇವಿ. ಮರೆಮ್ಮ ಕೇಳಿದ್ದು ಬೇರೆ. “ಆ ಟೀಚರವ್ವ ನಡೀತಾಳೇನ್ರಿ?”

ಠಾಣೆಗೆ ಮರಳಿದವರೇ ಉಮಾದೇವಿ ಫೈಲು ಬಿಚ್ಚಿ ಫೆಬ್ರವರಿ 23ರ ಚಿತ್ರಗಳನ್ನು ಮತ್ತೆ ಹರಡಿದರು. ಚಹಾ ಕಾಸುವ ಚಿತ್ರದಲ್ಲಿ ಪಾತ್ರೆಯ ಕೆಳಗೆ ಕಟ್ಟಿಗೆ, ಕಟ್ಟಿಗೆಯ ಕೆಳಗೆ ನುಣ್ಣನೆಯ ಚಪ್ಪಟೆ ಕಲ್ಲು. ಪಾತ್ರೆ ಹಿಡಿದು ನಗುತ್ತಿದ್ದವಳ ಗುರುತು ಹಿಡಿದು, ಆ ಚಿತ್ರವನ್ನು ಬೇರೆಯಾಗಿ ಎತ್ತಿಟ್ಟರು.

22ರಂದು ಪೂರಕ ಹೇಳಿಕೆಗೆಂದು ಮತ್ತೆ ಆಸ್ಪತ್ರೆಗೆ ಹೋದರು. ಮಕ್ಕಳ ನಡಿಗೆಯನ್ನು ಅಂಬರೇಶ ರದ್ದು ಮಾಡಿದ್ದ. ಭಾಗ್ಯಜ್ಯೋತಿ ಕೇಳಿದ್ದು ಒಂದೇ ಮಾತು.

“ನನ್ನ ಎತ್ತಿದವರೇ ಯಾಕ ಹಿಂಗ ಮಾಡಿದ್ರು?”

ಮುಚ್ಚಿಡಬಹುದಿತ್ತು. ಉಮಾದೇವಿ ಫೋಟೊ ಕೈಗೆ ಕೊಟ್ಟು, ಎಲ್ಲವನ್ನೂ ಹೇಳಿದರು. ಭಾಗ್ಯಜ್ಯೋತಿ ತನ್ನದೇ ನಗುಮುಖವನ್ನು ಬಹಳ ಹೊತ್ತು ನೋಡಿದಳು. ಕಣ್ಣೀರು ಕಿವಿಯ ಕಡೆಗೆ ಇಳಿಯಿತು.

“ಬೆಂಕಿ ಹಚ್ಚಿದಾಕಿ ನಾನೇ. ಕಲ್ಲು ಭಾಳ ಚಲೋ ಅದ, ಸಪಾಟ ಅದ ಅಂತ ಎಲ್ಲಾರಿಗಿ ಕರ್ದು ತೋರಿಸಿದ್ದೆ.”

“ಗೊತ್ತಿದ್ದಿಲ್ಲಲ್ಲ ನಿಮಗ.”

“ಅವರಿಗೂ ಬಾವಿ ನೆನಪಿದ್ದಿಲ್ಲ.” ರಾಡು ಹಾಕಿದ ಕಾಲನ್ನು ನೋಡಿಕೊಂಡು ಕೇಳಿದಳು, “ಮೂರು ತಿಂಗಳಿಗಿ ಕೋಲ ಹಿಡಿದು ನಡೀಬಹುದು ಅಂದಾರ ಡಾಕ್ಟರ್. ಅಲ್ಲಿ ನೀರು ಯಾವಾಗ ಏರ್ತದ ಮೇಡಂ?”

“ಮಳಿ ಹಿಡಿದ ಮ್ಯಾಲ. ಜುಲೈ ತನಕ ವ್ಯಾಳ್ಯಾ ಅದ.”

“ಹಂಗಾದ್ರ ಅಷ್ಟರಾಗ ಒಂದ್ಸಲ ಕರ್ಕೊಂಡು ಹೋಗ್ರಿ. ಕಲ್ಲು ತಿಕ್ಕಬೇಕು.”

ಹೇಳಿಕೆಯ ಹಾಳೆಯಲ್ಲಿ ಇದನ್ನು ಬರೆಯುವ ಕಾಲಮ್ಮಿರಲಿಲ್ಲ. ಉಮಾದೇವಿ ಕೊನೆಯ ಸಾಲಿನ ಕೆಳಗೆ ಬರೆದು, ಅವಳ ಸಹಿ ಪಡೆದುಕೊಂಡರು.